ಒಂಬತ್ತು ದಿನ ನೋಡಿದ ತಟ್ಟೆ

ಪ್ರಯೋಗಾಲಯದಲ್ಲಿ ಅವಳಿಗೆ 'ಆಯಾ' ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಗಾಜಿನ ತಟ್ಟೆಗಳಲ್ಲಿ ಜೀವಕೋಶಗಳನ್ನು ಸಾಕುವುದೇ ಅವಳ ಕೆಲಸ. ಹೊತ್ತುಹೊತ್ತಿಗೆ ಉಣಿಸಬೇಕು, ಬೆಚ್ಚಗಿಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಈಕೆಗೆ ಕಣ್ಣಿಗೇ ಕಾಣದವೂ ಮುದ್ದು.

ಆ ವರ್ಷ ತಟ್ಟೆಗೆ ಬಂದದ್ದು ಅವಳ ಒಡಹುಟ್ಟಿದ ತಮ್ಮನ ಕೋಶಗಳು. ತಮ್ಮ ಗಡಿಯಾರ ರಿಪೇರಿ ಮಾಡುವವನು. ಕೊಬ್ಬನ್ನು ಉರಿಸಿ ಬಲ ಮಾಡಿಕೊಳ್ಳುವುದು ಅವನ ಮೈಗೆ ಹುಟ್ಟಿನಿಂದಲೇ ಬಾರದು. ಕೊಬ್ಬೆಲ್ಲ ಕೋಶದೊಳಗೇ ಹನಿಹನಿಯಾಗಿ ಕೂತು, ಕೈಕಾಲು ಸೋಲುತ್ತಾ ಬಂದಿದ್ದವು. ಹೊಸ ಮದ್ದೊಂದು ತಟ್ಟೆಯಲ್ಲಿ ಗೆದ್ದರೆ ಮಾತ್ರ ಅವನಿಗೆ ಕೊಡುವುದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ನೋಡುವ ಯಂತ್ರ ಸೋಜಿಗದ್ದು. ಬಣ್ಣ ಬೇಕಿಲ್ಲ, ಕೊಯ್ಯಬೇಕಿಲ್ಲ. ಬದುಕಿರುವ ಕೋಶದ ಮೇಲೆ ಲೇಸರ್ ಬಿಟ್ಟರೆ ಕೊಬ್ಬಿನ ಅಣುಗಳು ತಮ್ಮದೇ ರೀತಿಯಲ್ಲಿ ಕಂಪಿಸಿ ಗುರುತು ಹೇಳುತ್ತವೆ, ಪರದೆಯ ಮೇಲೆ ಬಿಳಿ ಚುಕ್ಕೆಗಳಾಗುತ್ತವೆ. ಮದ್ದು ಹಾಕಿದ ತಟ್ಟೆಯನ್ನು ಅವಳು ಒಂಬತ್ತು ದಿನ, ದಿನಕ್ಕೆ ಹತ್ತು ಸಲ ನೋಡಿದಳು. ಚೆನ್ನಾಗಿ ಕಾಣಲೆಂದು ಲೇಸರಿನ ಬೆಳಕನ್ನು ಚೂರು ಹೆಚ್ಚಿಸಿದಳು. ಮದ್ದು ಹಾಕದ ತಟ್ಟೆಯನ್ನು ಮೊದಲ ದಿನ ಒಮ್ಮೆ, ಕೊನೆಯ ದಿನ ಒಮ್ಮೆ ನೋಡಿದಳು, ಅಷ್ಟೇ. ಅದರ ಮೇಲೆ ಯಾರಿಗೆ ಆಸೆ?

ಮದ್ದು ಹಾಕಿದ ತಟ್ಟೆಯಲ್ಲಿ ಚುಕ್ಕೆಗಳು ಸಣ್ಣಗಾದವು, ಹಾಕದ್ದರಲ್ಲಿ ಹಾಗೇ ಇದ್ದವು.

"ಏನಕ್ಕಾ, ನನ್ನ ಕೊಬ್ಬು ಇಳೀತಾ?" ಎಂದು ಫೋನಿನಲ್ಲಿ ತಮ್ಮ.

"ಇಳೀತಿದೆ ಕಣೋ!" ತಡೆಯಲಾರದೆ ಹೇಳಿಬಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಅವಳಿಗೆ ಗೊತ್ತಿರಲಿಲ್ಲವೇ? ಕೈ ಸೋತು ಮುಚ್ಚಿದ್ದ ತನ್ನ ಅಂಗಡಿಯ ಬೀಗದಕೈಯನ್ನು ಅವನು ಅಂದೇ ಹುಡುಕಿ ಇಟ್ಟುಕೊಂಡ.

ಹತ್ತನೆಯ ದಿನ ಅವಳು ಇನ್ನೊಂದು ತಟ್ಟೆ ತೆಗೆದಳು. ಮೊದಲನೆಯದು ಕೆಟ್ಟರೆ ಇರಲಿ ಎಂದು ಸಾಕಿದ್ದು. ಅದೇ ತಮ್ಮನ ಕೋಶ, ಅದೇ ಮದ್ದು, ಅದೇ ಊಟ, ಯಂತ್ರದಡಿ ಮಾತ್ರ ಒಮ್ಮೆಯೂ ಇಟ್ಟಿರಲಿಲ್ಲ. ಪರದೆಯ ಮೇಲೆ ನೋಡಿದರೆ, ಕೊಬ್ಬು ಒಂದು ಹನಿಯೂ ಕುಗ್ಗಿರಲಿಲ್ಲ. ಆಮೇಲೆ ಮದ್ದು ಹಾಕದ ತಟ್ಟೆಯನ್ನೂ ಅದೇ ಬೆಳಕಿನಲ್ಲಿ ದಿನಕ್ಕೆ ಹತ್ತು ಸಲದಂತೆ ಒಂಬತ್ತು ದಿನ ನೋಡುತ್ತಾ ಹೋದಳು. ಅಲ್ಲಿಯೂ ಚುಕ್ಕೆಗಳು ಸಣ್ಣಗಾದವು. ಮದ್ದು ಏನೂ ಮಾಡಿರಲಿಲ್ಲ, ಮಾಡಿದ್ದೆಲ್ಲ ಬೆಳಕು. ಬೆಂದು ಸಾಯುತ್ತಿದ್ದ ಕೋಶಗಳನ್ನು ನೋಡಿ ಅವಳು ಹಿಗ್ಗಿದ್ದಳು.

ಇದ್ದದ್ದನ್ನು ಇದ್ದ ಹಾಗೆ ವರದಿ ಬರೆದುಕೊಟ್ಟು, ಸಂಜೆ ತಮ್ಮನ ಮನೆಗೆ ಹೋದಳು. ಅವನು ಮೇಜಿನ ಮುಂದೆ ಕೂತು ಹಳೆಯ ಗಡಿಯಾರವೊಂದರ ಸ್ಕ್ರೂ ಬಿಚ್ಚಲು ಹೆಣಗುತ್ತಿದ್ದ. ಅಂಗಡಿ ತೆರೆಯುವ ಮುಂಚೆ ಕೈ ಪಳಗಲಿ ಎಂದು. ಅವಳು ಒಂದೂ ಬಿಡದೆ ಹೇಳಿದಳು.

"ಆಸೆಗೆ ಬಿದ್ದು ನೋಡಿ ನೋಡಿ ನಾನೇ ಅವನ್ನ ಸಾಯಿಸ್ದೆ ಕಣೋ. ಆ ಮದ್ದಲ್ಲಿ ಏನೂ ಇಲ್ಲ."

ಅವನು ಸ್ಕ್ರೂಡ್ರೈವರನ್ನು ಮತ್ತೆ ಸ್ಕ್ರೂವಿನ ತಲೆಗೆ ಹೂಡಿದ.

"ಹಾಗಾದ್ರೆ ನನ್ನನ್ನ ಅಷ್ಟೊಂದು ನೋಡ್ಬೇಡ ಅಕ್ಕಾ," ಅಂದ. ನಗಲು ಹೋದ, ಆಗಲಿಲ್ಲ.

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಬೆನ್ನ ಹಿಂದೆ ಸ್ಕ್ರೂಡ್ರೈವರ್ ನೆಲಕ್ಕೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಿತ್ತು. ಅವಳು ತಿರುಗಿ ನೋಡಲಿಲ್ಲ.