ನೀಲವ್ವ ಹೇಳಿದ್ದು, ನಾನು ಬರೆಸಿದ್ದು

ನೀಲವ್ವ, ಆ ಬೆಂಕಿ ನಿಮ್ಮ ಒಲೆಯಿಂದ ಎದ್ದದ್ದಲ್ಲ. ಗುಡ್ಡದಿಂದ ಇಳಿದು ಬಂದದ್ದು. ಅದು ನನಗೆ ಆ ದಿನವೇ ಗೊತ್ತಿತ್ತು — ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಬಾಯಿಂದ ಬಂದ ಮಾತನ್ನು ತಿರುಚಿ, ನಿಮ್ಮ ತಲೆಗೇ ಕಟ್ಟಿದೆ. ಒಂಬತ್ತು ವರ್ಷವಾಯಿತು.

ನಿಮಗೆ ಓದಲು ಬಾರದು. ಇದನ್ನು ನಿಮ್ಮೆದುರು ಓದುವವನು ನಾನೇ. ಅಲ್ಲಿ ಬೇರೆಯವರೂ ಇರುತ್ತಾರೆ. ಅವರಿಗೂ ತಿಳಿಯಲಿ ಎಂದು ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತಿದ್ದೇನೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಮುಲುಂಡ್‌ನ ಗುಡ್ಡದ ಬುಡದಲ್ಲಿ ಆ ಬಣ್ಣದ ಕಾರ್ಖಾನೆ. ಕುಂದಾಪುರದ ಕಡೆಯಿಂದ ಬಂದ ನಾನು ಅಲ್ಲಿ ಓವರ್ಸಿಯರ್ — ಕಾಂಪೌಂಡು, ಗಟಾರ, ನೀರಿನ ಟ್ಯಾಂಕಿ, ಹುಲ್ಲು ಎಲ್ಲ ನನ್ನ ಜವಾಬ್ದಾರಿ. ಹೊಸ ಶೆಡ್ಡು ಕಟ್ಟಲು ವಿಜಾಪುರದ ಕಡೆಯಿಂದ ಬಂದ ನೀವೆಲ್ಲ ಗುಡ್ಡಕ್ಕೆ ಬೆನ್ನು ಕೊಟ್ಟು ಗುಡಿಸಲು ಹಾಕಿಕೊಂಡಿದ್ದಿರಿ. ಚಾಪೆ, ಗೋಣಿತಾಟು, ಮೇಲೆ ಡಾಂಬರು ಬಳಿದ ಹಾಳೆ. ಕೊನೆಯ ಗುಡಿಸಲು ನಿಮ್ಮದು. ಪಕ್ಕದಲ್ಲಿ ಹಣಮಂತ ಮತ್ತು ಅವನ ತಾಯಿ ಬಸಮ್ಮ. ಬಸಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ.

ಗುಡ್ಡದ ಹುಲ್ಲಿಗೆ ಪ್ರತಿ ಬೇಸಿಗೆಯೂ ಬೆಂಕಿ ಬೀಳುತ್ತಿತ್ತು. ಬೀಡಿ ಎಸೆದವರೋ, ಕಳ್ಳಭಟ್ಟಿ ಕಾಯಿಸುವವರೋ — ಯಾರೂ ಹುಡುಕುತ್ತಿರಲಿಲ್ಲ. ಶಿವರಾತ್ರಿಗೆ ಮೊದಲೇ ಗುಡ್ಡಕ್ಕೂ ಗುಡಿಸಲಿಗೂ ನಡುವೆ ಇಪ್ಪತ್ತು ಅಡಿ ಅಗಲಕ್ಕೆ ಹುಲ್ಲು ಕೊಯ್ಸಿ, ನೆಲ ಬೋಳು ಮಾಡಿಸುತ್ತಿದ್ದೆ. ಫೈರ್ ಲೈನ್ ಎನ್ನುತ್ತಿದ್ದೆವು. ಬೆಂಕಿ ಅಲ್ಲಿಯವರೆಗೆ ಬಂದು, ತಿನ್ನಲು ಏನೂ ಸಿಗದೆ ಆರಿಹೋಗುತ್ತಿತ್ತು.

ಆ ವರ್ಷ ಕೊಯ್ಸಲಿಲ್ಲ.

ಹೊಸ ಶೆಡ್ಡಿನ ಉದ್ಘಾಟನೆಗೆ ಮಾಲೀಕರು ಬರುವವರಿದ್ದರು. "ಪೆಹಲೇ ಗೇಟ್ ಕೇ ಸಾಮ್ನೇ ಸಾಫ್ ಕರಾವೋ. ಪಹಾಡ್ ಕಹಾಂ ಭಾಗಾ ಜಾ ರಹಾ ಹೈ?" ಎಂದರು ಮ್ಯಾನೇಜರ್. ಮೊದಲು ಗೇಟಿನ ಮುಂದೆ ಚೊಕ್ಕವಾಗಲಿ, ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ನನಗೂ ಅನಿಸಿತು. ಹುಲ್ಲು ಕೊಯ್ಯುವವರನ್ನೆಲ್ಲ ಗೇಟಿನ ಮುಂದಿನ ತೋಟಕ್ಕೆ ಹಾಕಿದೆ. ಅಷ್ಟೇ ಆಗಿದ್ದರೆ... ಇಲ್ಲ, ಅಷ್ಟೇ ಆಗಲಿಲ್ಲ. ತಿಂಗಳ ವರದಿಯಲ್ಲಿ 'ಫೈರ್ ಲೈನ್ ಆಗಿದೆ' ಎಂದು ಬರೆದೆ. ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಹೇಗೂ ಮುಂದಿನ ವಾರ ಮಾಡಿಸುತ್ತೇನಲ್ಲ ಎಂದುಕೊಂಡೆ. ಬರೆದ ಮೇಲೆ ಅದು ನಿಜವಾಗಿಯೂ ಮುಗಿದ ಕೆಲಸದ ಹಾಗೆ ಮನಸ್ಸಿನಿಂದ ಜಾರಿಹೋಯಿತು.

ನೀವು ಮೂರು ಸಲ ಬಂದಿರಿ. ಮೂರನೆಯ ಸಲ ಹೇಳಿದ್ದು ಈಗಲೂ ಹಾಗೆಯೇ ಕಿವಿಯಲ್ಲಿದೆ.

"ಸಾಹೇಬ್ರ, ಹುಲ್ಲು ಎದಿಮಟ್ಟ ಬಂದೈತ್ರಿ. ಒಣಗಿ ಗುಡಸಲಕ್ಕ ಹತ್ತಿ ನಿಂತೈತಿ. ಏನರ ಆದ್ರ ಬಸಮ್ಮಾಯಿ ಹೆಂಗ ಓಡಬೇಕ್ರಿ? ನಿಮ್ಮ ಮಂದಿ ಖಾಲಿ ಇಲ್ಲಂದ್ರ ಬಿಡ್ರಿ, ನಮಗ ಕುಡಗೋಲು ಕೊಡ್ರಿ. ನಾವು ಹೆಣ್ಮಕ್ಕಳು ಕೂಡಿ ಕೊಯ್ಕೋತೀವಿ."

"ಕಂಪನಿ ಜಾಗ ಮಾರಾಯ್ತಿ, ನೀವೆಲ್ಲ ಕೈ ಹಾಕುವ ಹಾಗಿಲ್ಲ. ನಾಳೆ ಜನ ಕಳಿಸ್ತೇನೆ" ಎಂದೆ.

ಕುಡುಗೋಲು ಇರಲಿಲ್ಲವೆಂದಲ್ಲ. ಗೋದಾಮಿನಲ್ಲಿ ಹನ್ನೆರಡು ನೇತುಹಾಕಿದ್ದವು. ನೀವು ಕೊಯ್ಯಲು ನಿಂತರೆ, ಆಗಿದೆ ಎಂದು ಬರೆದದ್ದು ಆಗಿಲ್ಲ ಎಂದು ಹೊರಬೀಳುತ್ತಿತ್ತು — ಕೊಡದೇ ಇದ್ದದ್ದು ಅದಕ್ಕೆ.

ಉದ್ಘಾಟನೆಗೆ ಎರಡು ದಿನವಿತ್ತು. ಊಟದ ಹೊತ್ತು ಕಳೆದು ಕೆಲಸ ಮತ್ತೆ ಶುರುವಾಗಿತ್ತು. ತಗಡು ನೋಡಲು ಶೆಡ್ಡಿನ ಮೇಲೆ ಹತ್ತಿದ್ದೆ. ಗುಡ್ಡದ ನಡುವಿನಲ್ಲಿ ಹೊಗೆ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಲೈನ್ ಹತ್ತಿರ ನಿಲ್ಲುತ್ತದೆ ಬಿಡು ಎಂದುಕೊಂಡೆ — ಪ್ರತಿ ವರ್ಷದ ರೂಢಿ. ಮರುಕ್ಷಣ, ಲೈನೇ ಇಲ್ಲ ಎಂಬುದು ನೆನಪಾಯಿತು.

ಕೂಗಬೇಕಿತ್ತು. ಕೂಗಲಿಲ್ಲ. ಒಂದು ನಿಮಿಷವೋ, ಮೂರೋ — ಸುಮ್ಮನೆ ನಿಂತಿದ್ದೆ. ಕೂಗಿದರೆ 'ಲೈನ್ ಏನಾಯಿತು' ಎಂದು ಕೇಳುತ್ತಾರೆ ಎಂಬ ಯೋಚನೆ ಆ ಹೊತ್ತಿನಲ್ಲೂ ಬಂತು. ಬಂತು, ನೀಲವ್ವ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಗುಡಿಸಲಿನ ಡಾಂಬರು ಹಾಳೆ ಹೊತ್ತಿಕೊಂಡಿತ್ತು.

ಕೆಳಗೆ ನೀವು ಗಾರೆಯ ಬುಟ್ಟಿ ಎಸೆದು ಓಡಿದ್ದನ್ನು ಮೇಲಿನಿಂದ ನೋಡಿದೆ. ನಿಮ್ಮದನ್ನು ಬಿಟ್ಟು ಬಸಮ್ಮನ ಗುಡಿಸಲಿಗೆ ನುಗ್ಗಿದಿರಿ. ಕೌದಿ ಸುತ್ತಿ ಮುದುಕಿಯನ್ನು ಎಳೆದು ತಂದಾಗ ನಿಮ್ಮ ಎರಡೂ ಕೈ ಮೊಣಕೈವರೆಗೆ ಸುಟ್ಟಿದ್ದವು. ಬೆಂಕಿ ಆರಿಸುವ ಬಂಬಿನ ಗಾಡಿ ಬೇಗ ಬಂತು, ಆದರೆ ಗೇಟಿನಲ್ಲಿ ಸಿಕ್ಕಿಕೊಂಡಿತು. ಸ್ವಾಗತಕ್ಕೆಂದು ಕಟ್ಟಿಸಿದ್ದ ಬಿದಿರಿನ ಕಮಾನು ಅಡ್ಡವಾಗಿತ್ತು. ಅದನ್ನು ಕಡಿದು ಒಳಗೆ ಬರುವಷ್ಟರಲ್ಲಿ ಗುಡಿಸಲುಗಳ ಇಡೀ ಸಾಲೇ ಸುಟ್ಟುಹೋಗಿತ್ತು. ಬಸಮ್ಮ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ವಿಚಾರಣೆಗೆ ಬಂಬಿನವರ ಅಧಿಕಾರಿ ಬಂದರು. ಅವರಿಗೆ ಮರಾಠಿ, ಹಿಂದಿ. ನಿಮಗೆ ಕನ್ನಡ ಬಿಟ್ಟು ಬೇರೆ ಇಲ್ಲ. ನಡುವೆ ಮಾತು ದಾಟಿಸಲು ನನ್ನನ್ನು ಕೂರಿಸಿದರು. ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನೀವು ಅಂದಿರಿ: "ನಮ್ಮ ಮಾತಿನವ್ರು ನೀವೊಬ್ರರ ಅದೀರಲ್ರಿ, ಅದ ಧೈರ್ಯ."

ಒಳಗೆ ನೀವು ಹೇಳಿದ್ದು ಇಷ್ಟು: "ರೊಟ್ಟಿ ಬಡದು, ಒಲಿಗೆ ನೀರು ಹಾಕಿ, ಬೂದಿ ಕೈಲೆ ಮುಟ್ಟಿ ನೋಡೇ ಕೆಲಸಕ್ಕ ಬಂದಿದ್ನಿ. ಗುಡ್ಡದ ಹುಲ್ಲು ಕೊಯ್ದಿದ್ದಿಲ್ಲ. ಬೆಂಕಿ ಆ ಕಡಿಂದನ ಬಂದಿರಬೇಕು."

ನಾನು ಹಿಂದಿಯಲ್ಲಿ ಹೇಳಿದ್ದು: ಮಧ್ಯಾಹ್ನ ರೊಟ್ಟಿ ಮಾಡಿದಳಂತೆ. ಅವಸರದಲ್ಲಿ ಬಂದಳಂತೆ. ಒಲೆ ಪೂರ್ತಿ ಆರಿತ್ತೋ ಇಲ್ಲವೋ ನೆನಪಿಲ್ಲವಂತೆ.

ಅಧಿಕಾರಿ ನನ್ನ ವರದಿ ತೆರೆದು ನೋಡಿದರು. ಲೈನ್ ಆಗಿದೆ ಎಂದಿತ್ತು. ಹೊರಗೆ ಗುಡ್ಡವೂ ಅಂಗಳವೂ ಒಂದೇ ಕಪ್ಪು; ಹುಲ್ಲಿತ್ತೋ ಇರಲಿಲ್ಲವೋ ಹೇಳುವ ಒಂದು ಕಡ್ಡಿಯೂ ಉಳಿದಿರಲಿಲ್ಲ. ಬೇರೆ ಯಾರನ್ನೂ ಕೇಳದೆ ಅವರು ಬರೆದುಕೊಂಡರು. ನಿಮ್ಮ ಬ್ಯಾಂಡೇಜಿನಿಂದ ಹೊರಗಿದ್ದ ಎಡಗೈ ಹೆಬ್ಬೆರಳನ್ನು ನಾನೇ ಹಿಡಿದು, ಶಾಯಿಗೆ ಒತ್ತಿ, ಆ ಕಾಗದದ ಮೇಲೆ ಇಟ್ಟೆ. ನೋವಾಗಿ ನೀವು ಒಮ್ಮೆ ಉಸಿರೆಳೆದುಕೊಂಡಿರಿ. ಆದರೂ ಕೈ ಹಿಂದೆಗೆಯಲಿಲ್ಲ.

ನೀಲವ್ವನೇ ಒಪ್ಪಿಕೊಂಡಳಂತೆ ಎಂಬ ಸುದ್ದಿ ಸಂಜೆಯೊಳಗೆ ಹಣಮಂತನಿಗೆ ಮುಟ್ಟಿತು. ಎಲ್ಲರ ಮುಂದೆ ಅವನು "ನಮ್ಮವ್ವನ್ನ ಸುಟ್ಟಾಕಿ ನೀ" ಎಂದ. ನೀವು ನನ್ನ ಕಡೆ ತಿರುಗಿದಿರಿ.

"ಸಾಹೇಬ್ರ, ನಾ ಹೇಳಿದ್ದ ಹೇಳಿದ್ರಿಲ್ಲೋ?"

"ಹೇಳಿದ್ದನ್ನೇ ಹೇಳಿದ್ದೇನೆ" ಎಂದೆ.

ಗಂಡನಿಲ್ಲದ ನೀವು ಒಬ್ಬರೇ, ಸುಟ್ಟ ಕೈಯಲ್ಲಿ, ಸ್ಟೇಷನ್ ದಾರಿ ಹಿಡಿದು ಹೋದಿರಿ. ತಡೆಯುವವರು ಯಾರೂ ಇರಲಿಲ್ಲ. ನಾನಿದ್ದೆ.

ಕಳೆದ ತಿಂಗಳು ಚೆಂಬೂರಿನ ಮಾರ್ಕೆಟ್ಟಿನಲ್ಲಿ ಕಂಡಿರಿ. ನಾನು ನೋಡದವನ ಹಾಗೆ ದಾಟುತ್ತಿದ್ದೆ, ನೀವೇ ಕರೆದಿರಿ. ಅಣ್ಣನ ಮನೆಯಲ್ಲಿದ್ದೀರಿ, ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕುತ್ತೀರಿ, ಒಲೆಯ ಹತ್ತಿರ ಮಾತ್ರ ಹೋಗುವುದಿಲ್ಲ, ಅತ್ತಿಗೆಯೇ ಹೊತ್ತಿಸಬೇಕು ಎಂದಿರಿ. ಆಮೇಲೆ ನಾನು ಕೇಳದೆಯೇ —

"ನಾನ ಹಂಗ ಅಂದಿರಬೇಕು ಬಿಡ್ರಿ. ಹೊಗಿ ತಲಿಗೇರಿತ್ತು. ನೀರು ಹಾಕಿದ್ನೋ ಇಲ್ಲೋ, ಈಗ ನನಗೂ ಖರೇನ ತಿಳೀವಲ್ದು."

ಆಗಲಾದರೂ ಹೇಳಬೇಕಿತ್ತು. ಲೋಕಲ್ ತಪ್ಪುತ್ತದೆ ಎಂದು ಹೇಳಿ ಬಂದೆ.

ನಿಮ್ಮ ಗುಡಿಸಲು ಹೋಯಿತು, ಕೈ ಸುಟ್ಟಿತು, ಜನ ದೂರವಾದರು ಎಂಬುದು ನನಗೆ ಗೊತ್ತಿತ್ತು. ನಿಮ್ಮ ನೆನಪನ್ನೂ ನಾನು ಕಿತ್ತುಕೊಂಡಿದ್ದೇನೆ ಎಂಬುದು ಗೊತ್ತಿರಲಿಲ್ಲ.

ಹಣಮಂತನನ್ನು ಹುಡುಕಲು ಹತ್ತು ದಿನ ಹಿಡಿಯಿತು. ಅಂಧೇರಿಯಲ್ಲಿ ಗೌಂಡಿ ಕೆಲಸದಲ್ಲಿದ್ದಾನೆ. ಮೊದಲು ಅವನಿಗೆ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದರೆ ಸ್ವಲ್ಪ ಹಗುರವಾದೀತು ಎಂಬ ಆಸೆಯೂ... ಅವನು ಹೊಡೆಯಲಿಲ್ಲ. ಸಿಮೆಂಟಿನ ಚೀಲದ ಮೇಲೆ ಕೂತ.

"ಆಕಿಗೆ ಹೇಳೀರೇನು?"

"ಇಲ್ಲ."

"ನಮ್ಮವ್ವನ್ನ ಹೊರಗ ಎಳದಾಕಿ ಆಕಿ. ಆಕಿ ಹೆಸರು ತಗದ್ರ ನಾ ಉಗುಳ್ತಿದ್ದೆ. ಮಂದಿ ಮುಂದ ಅಂದೀನಿ, ಮಂದಿ ಮುಂದನ ಹೇಳಬೇಕು. ನಡೀರಿ, ನಾನೂ ಬರ್ತೀನಿ."

ಬರುವ ಭಾನುವಾರ ಬರುತ್ತೇವೆ. ಅಂದಿನ ಸಾಲಿನವರಲ್ಲಿ ಸಿಕ್ಕಷ್ಟು ಜನರನ್ನು ಹಣಮಂತ ಕರೆತರುತ್ತಾನೆ. ವರದಿ ಸುಳ್ಳು, ಹೇಳಿಕೆ ಸುಳ್ಳು, ಎರಡೂ ನನ್ನವು ಎಂದು ಬಂಬಿನವರ ಕಚೇರಿಗೂ ಸಹಿ ಹಾಕಿ ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅದಕ್ಕೂ ನೀವೇ ಏನಾದರೂ ಕೊಡಬೇಕಾಗುತ್ತದೆ. ನಿಮ್ಮ ಬಾಗಿಲಲ್ಲಿ ನಿಂತು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಇದನ್ನು ಓದುತ್ತೇನೆ. ಓದಿ ಮುಗಿದ ಮೇಲೂ ಅಲ್ಲೇ ನಿಂತಿರುತ್ತೇನೆ — ನೀವು ಹೋಗು ಎನ್ನುವವರೆಗೆ.