ಚೀನೀ ಸೇನಾಪತಿಯ ಬಗ್ಗೆ ಗೌರಮ್ಮನವರ ಅಭಿಪ್ರಾಯ

ನನಗೆ ಚೀನೀ ಭಾಷೆಯ ಒಂದಕ್ಷರವೂ ಬಾರದು. ಆದರೂ ಚಿಕ್ಕಲಸಂದ್ರದ ಒಂದು ಮನೆಯಲ್ಲಿ ಕೆಲವು ತಿಂಗಳು ನಾನು ಚೀನೀ ಭಾಷೆಯಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸದಲ್ಲಿದ್ದೆ. ಸಂಬಳ ಮಧ್ಯಾಹ್ನದ ಕಾಫಿ, ಒಮ್ಮೊಮ್ಮೆ ಜೊತೆಗೆ ನಿಪ್ಪಟ್ಟು. ಈಗಲೂ ಯಾರಾದರೂ ನಿಮಗೆ ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದರೆ, ಕನ್ನಡ, ಇಂಗ್ಲಿಷ್, ಹಿಂದಿ, ಒಂದಿಷ್ಟು ಮರಾಠಿ ಎಂದು ಬೆರಳು ಮಡಚುತ್ತ ಹೋಗುತ್ತೇನೆ. ಕಿರುಬೆರಳು ಮಾತ್ರ ಮಡಚಲೋ ಬೇಡವೋ ಎಂದು ಸ್ವಲ್ಪ ಹೊತ್ತು ಅನುಮಾನಿಸುತ್ತದೆ.

ಆಗ ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾವು ಗಂಡ ಹೆಂಡತಿ ಹುಬ್ಬಳ್ಳಿಯಿಂದ ಬಂದು ಗೌರಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು ಹತ್ತಿರದ ಒಂದು ನರ್ಸರಿ ಶಾಲೆಯಲ್ಲಿ ಟೀಚರು. ಮಧ್ಯಾಹ್ನಕ್ಕೆ ಮನೆಗೆ ಬಂದುಬಿಡುತ್ತಿದ್ದೆ. ಆ ಕಾಲದಲ್ಲಿ ಪ್ರತಿ ಬಡಾವಣೆಯ ಕೇಬಲ್‌ನವನಿಗೂ ಅವನದೇ ಒಂದು ಚಾನಲ್ ಇರುತ್ತಿತ್ತು. ನಮ್ಮ ಕೇಬಲ್ ನಾಗರಾಜನ ಚಾನಲ್ಲಿನಲ್ಲಿ ಬೆಳಿಗ್ಗೆ ಭಕ್ತಿಗೀತೆ, ಸಂಜೆ ಸಿನಿಮಾ, ಪರದೆಯ ಕೆಳಗೆ ಸದಾ ಓಡುತ್ತಿದ್ದ ಬೋರ್‌ವೆಲ್ ಮತ್ತು ಬ್ಯೂಟಿ ಪಾರ್ಲರ್ ಜಾಹೀರಾತು. ಮಧ್ಯಾಹ್ನ ಮಾತ್ರ ಖಾಲಿ ಇರುತ್ತಿತ್ತು. ಆ ಖಾಲಿ ತುಂಬಲು ಅವನಿಗೆ ಎಲ್ಲಿಂದಲೋ ಒಂದು ರಟ್ಟಿನ ಡಬ್ಬಿ ತುಂಬ ಸಿ.ಡಿ. ಸಿಕ್ಕಿತು. ಹಾಕಿ ನೋಡಿದರೆ ಚೀನೀ ಧಾರಾವಾಹಿ, ಅಡಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು. ಇರಲಿ ಎಂದು ಹಾಕಿಬಿಟ್ಟ.

ಕಥೆ ಇಷ್ಟೇ. ದೇವಲೋಕದ ಒಬ್ಬ ಸೇನಾಪತಿ. ಅವನ ಹೆಂಡತಿ ಒಂದು ಬೆಟ್ಟದ ದೇವತೆ. ಆ ಬೆಟ್ಟ ಅವಳ ತವರಿನವರು ಕೊಟ್ಟದ್ದು. ಒಮ್ಮೆ ರಾಕ್ಷಸರ ದೊರೆ ಅವಳ ಪ್ರಾಣಕ್ಕೆ ಸಂಚಕಾರ ತಂದಾಗ ಸೇನಾಪತಿ ಅವಳನ್ನು ಕೇಳದೆ ಆ ಬೆಟ್ಟವನ್ನೇ ರಾಕ್ಷಸನಿಗೆ ಬಿಟ್ಟುಕೊಟ್ಟು ಅವಳನ್ನು ಉಳಿಸಿಕೊಳ್ಳುತ್ತಾನೆ. ವಿಷಯ ತಿಳಿದ ಅವಳು ಸಾವಿರ ವರ್ಷ ಅವನ ಮುಖ ನೋಡುವುದಿಲ್ಲ. ಆ ಸಾವಿರ ವರ್ಷವನ್ನೂ ಒಂದು ದಿನ ಬಿಡದಂತೆ ತೋರಿಸುತ್ತಾರೇನೋ ಎನ್ನುವಷ್ಟು ನಿಧಾನವಾಗಿ ಧಾರಾವಾಹಿ ಸಾಗುತ್ತಿತ್ತು.

ನಮ್ಮ ಬೀದಿಯ ಪ್ರೇಕ್ಷಕರ ಅಭಿಪ್ರಾಯಗಳನ್ನು ಯಾರಾದರೂ ಬರೆದಿಡಬೇಕಿತ್ತು. ಹೂವು ಮಾರುವ ಲಕ್ಷ್ಮಿಗೆ ನಾಯಕಿಯ ಅಂಗಿಯ ಮಾರುದ್ದದ ಬಿಳಿ ತೋಳುಗಳನ್ನು ಯಾರು ಒಗೆಯುತ್ತಾರೆ ಎಂಬ ಚಿಂತೆ. ಗಾಳಿಯಲ್ಲಿ ಹಾರಲು ಬರುವವರಿಗೆ ಕುದುರೆ ಏಕೆ ಬೇಕು ಎಂಬುದು ನಮ್ಮವರ ಪ್ರಶ್ನೆ. ಅದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ನಾಗರಾಜ ತಿಂಗಳಿಗೊಮ್ಮೆ ಬಂದಾಗ ಹೆಂಗಸರೆಲ್ಲ ಸುತ್ತುವರಿದು, ಆ ರಾಕ್ಷಸನನ್ನು ಬೇಗ ಸಾಯಿಸು ಎಂದು ಅವನಿಗೇ ತಾಕೀತು ಮಾಡುತ್ತಿದ್ದರು. ಅವನೂ ‘ನೋಡ್ತೀನಿ ಅಕ್ಕ, ಟ್ರೈ ಮಾಡ್ತೀನಿ’ ಎಂದು ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಆದರೆ ನಾನು ಹೇಳಹೊರಟದ್ದು ಗೌರಮ್ಮ ಮತ್ತು ಅವರ ಯಜಮಾನರು ಮುನಿಯಪ್ಪನವರ ಅಭಿಪ್ರಾಯಗಳನ್ನು. ಅವರಿಬ್ಬರೂ ಮಾತು ಬಿಟ್ಟಿದ್ದರು.

ಮಾತು ಬಿಡುವುದು ಎಂದರೇನೆಂದು ನಿಮಗೆ ವಿವರಿಸಬೇಕಿಲ್ಲ. ಎಲ್ಲರ ವಂಶದಲ್ಲೂ ಒಂದಾದರೂ ಜೋಡಿ ಇರುತ್ತದೆ. ಇದು ಜಗಳವಲ್ಲ, ಬೇರೆ ಸಂಸಾರವೂ ಅಲ್ಲ. ಒಂದೇ ಸೂರು, ಒಂದೇ ಒಲೆ. ಅವರ ಪಂಚೆ ಇವರು ಒಗೆಯುತ್ತಾರೆ, ಇವರ ಮಾತ್ರೆ ಅವರು ತರುತ್ತಾರೆ. ಮಾತು ಮಾತ್ರ ನೇರ ಹೋಗುವುದಿಲ್ಲ, ಸುತ್ತು ಬಳಸಿ ಹೋಗುತ್ತದೆ. ‘ಮುದ್ದೆ ಆರ್ತಾ ಇದೆ, ಬೇಕಾದೋರು ತಿನ್ಬೋದು’ ಎಂದು ಗೌರಮ್ಮ ಗೋಡೆಗೆ ಹೇಳುತ್ತಿದ್ದರು. ಮುನಿಯಪ್ಪನವರು ಗೋಡೆಯಿಂದ ಆ ಸಮಾಚಾರ ಪಡೆದು ಬಂದು ಕೂರುತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ಮನೆಯಲ್ಲಿದ್ದಾಗ ಸುದ್ದಿ ಒಯ್ಯುವ ಕೆಲಸ ಅವರದಾಗಿತ್ತಂತೆ. ಅವರು ಮದುವೆಯಾಗಿ ಹೋದ ಮೇಲೆ ಆ ಹುದ್ದೆ ಮಹಡಿಯ ಬಾಡಿಗೆದಾರಳಿಗೆ ಬಂತು. ಮನೆ ಬಾಡಿಗೆಗಿದೆ ಎಂಬ ಬೋರ್ಡಿನಲ್ಲಿ ಇದನ್ನು ಬರೆದಿರಲಿಲ್ಲ.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಗೌರಮ್ಮನವರ ತಂದೆ ಮಗಳ ಅರಿಶಿನ ಕುಂಕುಮಕ್ಕೆಂದು ಉತ್ತರಹಳ್ಳಿ ಕಡೆ ಒಂದು ಹೊಲ ಕೊಟ್ಟಿದ್ದರು. ಆಗಿನ ವಾಡಿಕೆಯಂತೆ ಪತ್ರವನ್ನು ಅಳಿಯನ ಹೆಸರಿಗೇ ಮಾಡಿಸಿದ್ದರು. ಊರಿನ ಹೊಲಗಳೆಲ್ಲ ಒಂದೊಂದಾಗಿ ಸೈಟುಗಳಾಗುತ್ತಿದ್ದಾಗ ಮುನಿಯಪ್ಪನವರು ಅದನ್ನೂ ಮಾರಿ ಈ ಮನೆ ಕಟ್ಟಿಸಿದರು. ಹೆಣ್ಣುಮಕ್ಕಳ ಮದುವೆಯಾಗಬೇಕಿತ್ತು, ಬಾಡಿಗೆ ಬಂದರೆ ಕೊನೆಗಾಲಕ್ಕೂ ಆಗುತ್ತದೆ ಎಂಬ ಲೆಕ್ಕ ತಪ್ಪಾಗಿರಲಿಲ್ಲ. ಹೆಂಡತಿಗೆ ಮಾತ್ರ ಹೇಳಲಿಲ್ಲ. ಅವರೆಕಾಯಿ ಕೀಳಲು ಹೊಲಕ್ಕೆ ಹೋದ ಗೌರಮ್ಮ ಸಾಲುಗಳ ನಡುವೆ ಸುಣ್ಣ ಬಳಿದ ಕಲ್ಲುಗಳನ್ನು ಕಂಡರು. ಮನೆಗೆ ಬಂದು ಕೂಗಾಡಲಿಲ್ಲ, ಅಳಲಿಲ್ಲ. ಅಂದಿನಿಂದ ಗಂಡನೊಂದಿಗೆ ಮಾತು ನಿಲ್ಲಿಸಿದರು. ನಾವು ಬರುವ ಹೊತ್ತಿಗೆ ಅದಕ್ಕೆ ಹತ್ತು ಹನ್ನೆರಡು ವರ್ಷವಾಗಿತ್ತು. ಆ ಹೊಲದ ದುಡ್ಡಿನ ಗೋಡೆಗೇ ನಾನು ನನ್ನ ಕ್ಯಾಲೆಂಡರ್ ತೂಗುಹಾಕಿದ್ದೆ.

ಗೌರಮ್ಮನಿಗೆ ಧಾರಾವಾಹಿ ನೋಡುವ ಆಸೆ, ಇಂಗ್ಲಿಷ್ ಬಾರದು. ‘ಮಿಸ್, ಬಂದು ಸ್ವಲ್ಪ ಓದಿ ಹೇಳಿ’ ಎಂದು ಕರೆದರು. ಅವರು ನೆಲದ ಮೇಲೆ ಚಾಪೆಯಲ್ಲಿ, ನಾನು ಕಿಟಕಿಯ ಪಕ್ಕದ ಬೆತ್ತದ ಸ್ಟೂಲಿನಲ್ಲಿ. ಕಿಟಕಿಯ ಆಚೆ ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರ್ ಹಿಡಿದು ಮುನಿಯಪ್ಪನವರು. ಅವರು ಧಾರಾವಾಹಿ ನೋಡುತ್ತಿರಲಿಲ್ಲ. ಧಾರಾವಾಹಿ ಮುಗಿಯುವವರೆಗೆ ಪೇಪರಿನ ಹಾಳೆಯನ್ನೂ ತಿರುವುತ್ತಿರಲಿಲ್ಲ.

ಹಿಂದೆ ಗಮಕಿಯೊಬ್ಬರು ಕಾವ್ಯ ಓದಿದರೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಅರ್ಥ ಹೇಳುತ್ತಿದ್ದರು. ಇಲ್ಲಿ ಎರಡೂ ನಾನೇ. ಅಕ್ಷರಗಳು ಬಂದು ಮಾಯವಾಗುವಷ್ಟರಲ್ಲಿ ಓದಿ, ಅರ್ಥ ಮಾಡಿಕೊಂಡು, ಹೇಳಿ ಮುಗಿಸಬೇಕಿತ್ತು. ಆ ಇಂಗ್ಲಿಷೂ ಯಾರೋ ನಿದ್ದೆಗಣ್ಣಲ್ಲಿ ಬರೆದದ್ದು. ಒಮ್ಮೆ ರಾಕ್ಷಸ ಸೇನಾಪತಿಗೆ, ನೀನು ಚಿರತೆಯ ಪಿತ್ತಕೋಶ ತಿಂದು ಬಂದಿದ್ದೀಯಾ ಎಂದು ಕೇಳಿದ. ನಾನು ‘ಎಷ್ಟ ಸೊಕ್ಕಲೇ ನಿನಗ’ ಎಂದು ಹೇಳಿ ದಾಟಿಸಿದೆ. ಅವಸರದಲ್ಲಿ ನನ್ನ ಬಾಯಿಗೆ ಬರುತ್ತಿದ್ದದ್ದು ಹುಬ್ಬಳ್ಳಿ ಮಾತೇ. ಹೀಗಾಗಿ ಚಿಕ್ಕಲಸಂದ್ರದಲ್ಲಿ ಚೀನೀ ದೇವಲೋಕದವರೆಲ್ಲ ‘ಹೌದಲ್ಲರೀ’, ‘ಬ್ಯಾಡ್ರಿ’ ಎನ್ನತೊಡಗಿದರು. ಆ ಹುಡುಗ ನಿಮ್ ಕಡೆಯವನೇ ಇರ್ಬೇಕು, ಮರ್ಯಾದೆಯಾಗಿ ಮಾತಾಡ್ತಾನೆ ಎಂದು ಗೌರಮ್ಮ ಸೇನಾಪತಿಯನ್ನು ಮೆಚ್ಚಿಕೊಂಡರು. ನನಗೆ ಒಳಗೊಳಗೇ ಜಂಬ.

ಮೆಚ್ಚುಗೆ ಬೆಟ್ಟ ಕೈಬಿಡುವವರೆಗೆ ಮಾತ್ರ ಇತ್ತು. ಆ ಮಧ್ಯಾಹ್ನ ದೇವತೆ ಕಣ್ಣಲ್ಲಿ ನೀರು ತುಂಬಿಕೊಂಡು ಏನೋ ಕೇಳಿದಳು.

‘ಏನಂದ್ಲು ಮಿಸ್?’

‘ನನ್ನ ಗುಡ್ಡಾ ಕೊಟ್ಟು ಬಂದಿ. ಒಂದ ಮಾತು ನನ್ನ ಕೇಳಬಾರದಾಗಿತ್ತೇನು ಅಂತಾಳ್ರೀ.’

ಗೌರಮ್ಮ ಚಾಪೆಯ ಮೇಲೆ ನೆಟ್ಟಗೆ ಕೂತರು. ‘ಸರಿಯಾಗ್ ಕೇಳಿದ್ಲು.’

ಕಿಟಕಿಯ ಆಚೆಯಿಂದ ಪೇಪರಿನ ಹಿಂದಿನ ದನಿ ಬಂತು. ‘ಕೇಳೋಕೆ ಟೈಮೆಲ್ಲಿತ್ತು? ಆ ರಾಕ್ಷಸ ಕತ್ತಿ ಹಿಡ್ಕೊಂಡು ನಿಂತಿರ್ಲಿಲ್ವಾ?’

‘ಮಿಸ್, ಹೆಂಡ್ತಿಗೆ ಒಂದ್ ಮಾತು ಹೇಳೋಕೆ ಎಷ್ಟೊತ್ತು ಬೇಕಂತೆ ಕೇಳಿ.’

ಯಾರನ್ನು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಟಿ.ವಿ.ಯ ಕಡೆ ನೋಡಿದೆ, ಕಿಟಕಿಯ ಕಡೆ ನೋಡಿದೆ.

‘ಜೀವ ಉಳ್ಸೋಕೆ ತಾನೇ ಕೊಟ್ಟಿದ್ದು. ಜೇಬಿಗೆ ಹಾಕ್ಕೊಂಡ್ನಾ?’ ಎಂದಿತು ಪೇಪರು.

‘ಜೇಬಿಗೆ ಹಾಕ್ಕೊಂಡ ಅಂತ ಯಾರು ಅಂದ್ರು ಮಿಸ್? ಕೇಳ್ಲಿಲ್ಲ ಅನ್ನೋದಷ್ಟೇ ಮಾತು.’

ಅಂದಿನಿಂದ ದಿನವೂ ಹೀಗೇ. ಸೇನಾಪತಿ ಸರಿಯೋ ತಪ್ಪೋ ಎಂದು ಒಳಗಿನವರು ಮತ್ತು ಹೊರಗಿನವರು ನನ್ನ ತಲೆಯ ಮೇಲಿನಿಂದ ವಾದಿಸುತ್ತಿದ್ದರು. ರಸಾನುಭವದಲ್ಲಿ ನೋಡುವವನಿಗೆ ಇದು ನನ್ನದು, ಇದು ಪರರದು ಎಂಬ ಭೇದ ಕರಗಿಹೋಗಬೇಕು ಎಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ಗೌರಮ್ಮನಿಗೆ ಏನೂ ಕರಗಲಿಲ್ಲ. ಅವರು ಬೆಟ್ಟವನ್ನು ನೋಡುತ್ತಲೇ ಇರಲಿಲ್ಲ, ಅವರಿಗೆ ಕಾಣುತ್ತಿದ್ದದ್ದು ಹೊಲ. ಆಲಂಕಾರಿಕರು ಇದನ್ನು ರಸಭಂಗ ಎನ್ನುತ್ತಿದ್ದರೇನೋ. ಅವರಿಗೂ ಒಂದು ಹೊಲವಿದ್ದಿದ್ದರೆ ಏನೆನ್ನುತ್ತಿದ್ದರೋ ಗೊತ್ತಿಲ್ಲ.

ನನಗಂತೂ ನಗು ಬರುತ್ತಿತ್ತು, ಹಿಂದೆಯೇ ಸಂಕಟವೂ ಆಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವರು ಇಷ್ಟು ಮಾತು ಆಡಿರಲಿಲ್ಲ. ಆಡುತ್ತಿದ್ದರೂ ಅದು ಸಾವಿರಾರು ಮೈಲಿ ದೂರದ, ಹುಟ್ಟೇ ಇರದ ಒಬ್ಬ ಸೇನಾಪತಿಯ ಮಾತು. ಹೆಣ್ಣುಮಕ್ಕಳು ಇದನ್ನು ಕೇಳಬೇಕಿತ್ತು ಎನಿಸುತ್ತಿತ್ತು. ಅವರ ಮದುವೆಯ ಫೋಟೋಗಳನ್ನು ಗೌರಮ್ಮ ನನಗೆ ತೋರಿಸಿದ್ದರು. ಎಲ್ಲ ಫೋಟೋಗಳಲ್ಲೂ ಅಪ್ಪ ಈ ಕೊನೆಯಲ್ಲಿ, ಅಮ್ಮ ಆ ಕೊನೆಯಲ್ಲಿ ನಿಂತಿದ್ದರು. ತಂದೆತಾಯಿ ಮಾತಾಡುತ್ತಿದ್ದದ್ದು ಹೇಗೆಂಬುದನ್ನು ಮರೆತೇ ಆ ಮಕ್ಕಳು ದೊಡ್ಡವರಾದರು.

ಕೊನೆಯ ಕಂತು ಬಂತು. ಅಷ್ಟು ಹೊತ್ತಿಗೆ ಸೇನಾಪತಿಯ ಕೂದಲು ಬೆಳ್ಳಗಾಗಿತ್ತು. ಅವನು ಬೆಟ್ಟವನ್ನು ಗೆದ್ದು ಮರಳಿ ತಂದಿದ್ದ. ಅದರ ಬುಡದಲ್ಲಿ ಮಂಡಿಯೂರಿದ. ದೇವತೆ ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಮುಂದಕ್ಕೆ ಬಾಗಿ ಕಾದೆ, ಅಕ್ಷರಗಳೇ ಬರಲಿಲ್ಲ. ಆ ಸಿ.ಡಿ.ಯಲ್ಲಿ ಇಂಗ್ಲಿಷ್ ಇರಲೇ ಇಲ್ಲ. ಓಡಿಹೋಗಿ ನಾಗರಾಜನಿಗೆ ಫೋನು ಮಾಡಿದೆ. ‘ಮೇಡಂ, ಅದು ಬಂದಿರೋದೇ ಹಂಗೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ’ ಎಂದ.

‘ಮಿಸ್, ಏನಂತಾನೆ ಅವನು?’

‘ಗೊತ್ತಾಗವಲ್ದ್ರೀ. ಇಂಗ್ಲಿಷ್ ಇಲ್ಲ ಇದಕ್ಕ.’

ಗೌರಮ್ಮನ ಮುಖ ನೋಡಲಾಗಲಿಲ್ಲ. ಇಷ್ಟು ತಿಂಗಳು ಕಾದದ್ದು ಈ ಒಂದು ಮಾತಿಗೆ. ಪರದೆಯ ಮೇಲೆ ಸೇನಾಪತಿಯ ತುಟಿ ಅಲುಗುತ್ತಿತ್ತು, ನಮಗೆ ಬರೀ ಶಬ್ದ. ನನ್ನ ಅನುವಾದ ವಿದ್ಯೆ ನಿಜಕ್ಕೂ ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು.

‘ತಪ್ಪಾಯ್ತು ಅಂತವ್ನೆ.’

ಕಿಟಕಿಯ ಆಚೆ ಪೇಪರು ತೊಡೆಯ ಮೇಲಿತ್ತು. ಮುನಿಯಪ್ಪನವರು ಟಿ.ವಿ.ಯನ್ನೇ ನೋಡುತ್ತಿದ್ದರು. ಸೇನಾಪತಿ ಮಾತು ಮುಂದುವರಿಸಿದಂತೆ ಅವರೂ ಮುಂದುವರಿಸಿದರು. ‘ಹೇಳ್ಬೇಕು ಅಂತಾನೇ ಇದ್ನಂತೆ. ದಿನಾ ಬೆಳಿಗ್ಗೆ ಎದ್ದು ಇವತ್ ಹೇಳ್ಬಿಡಾಣ ಅನ್ಕೊಳ್ತಿದ್ನಂತೆ. ಬೇಡ ಅಂದ್ಬಿಟ್ರೆ ಏನ್ಮಾಡಾದು ಅಂತ ಭಯವಂತೆ. ಅದಕ್ಕೇ ಬಾಯ್ ಬರ್ಲಿಲ್ಲ ಅಂತವ್ನೆ.’

ದೇವತೆ ಒಂದು ಮೆಟ್ಟಿಲಿಳಿದು ಏನೋ ಹೇಳಿದಳು. ಗೌರಮ್ಮ ಹಿಂದಕ್ಕೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತ, ‘ಬೇಡ ಅಂತಿರ್ಲಿಲ್ಲ ಅಂತಾಳೆ’ ಎಂದರು. ಮತ್ತೆ, ‘ಒಂದ್ ಮಾತು ಕೇಳಿದ್ರೆ ತಾನೇ ಕೊಟ್ಬಿಡ್ತಿದ್ಲಂತೆ. ಕೊನೇ ಸಲ ಹೋಗಿ ಅವರೆಕಾಯಿ ಕಿತ್ಕೊಂಡ್ ಬರ್ತೀನಿ ಅಂತಿದ್ಲಂತೆ. ಅಷ್ಟೇ’ ಎಂದರು.

ದೇವಲೋಕದ ಬೆಟ್ಟದಲ್ಲಿ ಅವರೆಕಾಯಿ ಬೆಳೆಯುತ್ತದೆಯೇ ಎಂದು ನಾನು ಕೇಳಲಿಲ್ಲ. ಮುನಿಯಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಪರದೆಯ ಮೇಲೆ ಕೊನೆಗೇನಾಯಿತೆಂದು ನಾವು ಯಾರೂ ನೋಡಲಿಲ್ಲ. ಮರುದಿನ ಲಕ್ಷ್ಮಿ ಹೂವು ಕೊಡುತ್ತ, ಮಿಸ್, ಇಬ್ರೂ ಒಂದಾದ್ರಾ ಎಂದು ಕೇಳಿದಾಗ ಗೊತ್ತಿಲ್ಲ ಎಂದೆ. ಅವಳಿಗೆ ನನ್ನ ಇಂಗ್ಲಿಷಿನ ಮೇಲಿದ್ದ ಗೌರವ ಅಂದಿಗೆ ಮುಗಿಯಿತು.

ಅಂದು ಧಾರಾವಾಹಿ ಮುಗಿದ ಮೇಲೆ ಗೌರಮ್ಮ ಎದ್ದು ಅಡುಗೆಮನೆಗೆ ಹೋದರು. ಒಳಗಿನಿಂದಲೇ, ‘ಕಾಫಿ ಕುಡೀತೀರಾ?’ ಎಂದರು. ನನ್ನನ್ನೇ ಕೇಳಿದ್ದೆಂದು ನಾನು ಹೂಂ ಎನ್ನುವಷ್ಟರಲ್ಲಿ ವರಾಂಡದಿಂದ, ‘ಸಕ್ರೆ ಕಮ್ಮಿ ಹಾಕು’ ಎಂಬ ಉತ್ತರ ಬಂತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮಾತು ಶುರುವಾಯಿತು. ಮೊದಲು ಸಕ್ಕರೆ, ನೀರಿನ ಟ್ಯಾಂಕು, ಮೋಟರು. ಆಮೇಲೆ ಏನೇನೋ. ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ. ನನಗೆ ಆ ಮನೆಯಲ್ಲಿ ಇನ್ನು ಕೆಲಸವಿರಲಿಲ್ಲ, ನಿಪ್ಪಟ್ಟೂ ಕಡಿಮೆಯಾಯಿತು.

ಮುಂದಿನ ವರ್ಷ ನಾವು ಬಿಳೇಕಹಳ್ಳಿಗೆ ಮನೆ ಬದಲಾಯಿಸಿದೆವು. ಸಾಮಾನು ಕಟ್ಟುತ್ತಿದ್ದಾಗ ಗೌರಮ್ಮ ಮೇಲೆ ಬಂದು ಗಂಟುಗಳ ನಡುವೆ ಕೂತರು. ಈಗ ನೀವಿಬ್ಬರೂ ಮಾತಾಡುತ್ತೀರಲ್ಲ, ಅದೊಂದು ನನಗೆ ಸಮಾಧಾನ ಎಂದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ.

‘ಏನ್ ಮಾತು ಮಿಸ್. ಒಳಗೆ ಎಷ್ಟೊಂದು ತುಂಬಿದೆ, ಬಾಯಿ ಬಿಟ್ರೆ ಮುಗಿಯೋದೇ ಇಲ್ಲ ಅನ್ಕೊಂಡಿದ್ದೆ. ಹೇಳೋಕ್ ಕೂತ್ರೆ ಒಂದು ಬೆಳಿಗ್ಗೇಲಿ ಮುಗ್ದೋಯ್ತು. ಇಷ್ಟಕ್ಕೋಸ್ಕರ ಅಷ್ಟು ವರ್ಷ ಕಳ್ಕೊಂಡ್ವಲ್ಲ ಅಂತ ಈಗ ಬೇಜಾರು.’

ಈ ಬೇಜಾರನ್ನು ಅವರ ಹತ್ತಿರವೂ ಹೇಳಿದ್ದೀರೇನ್ರೀ ಎಂದು ಕೇಳಿದೆ.

‘ಹೇಳ್ದೆ. ನಂಗೂ ಅದೇ ಬೇಜಾರು ಅಂದ್ರು. ಈಗ ದಿನಾ ಸಾಯಂಕಾಲ ಇಬ್ರೂ ಕೂತ್ಕೊಂಡು ಅದನ್ನೇ ಮಾತಾಡ್ತೀವಿ.’