ಹೊಳೆಯೂರಿನ ಅಕ್ಷತೆ

ನಮ್ಮ ಮೇಡಂ ಅವರ ಬಲಗೈ ಕಿರುಬೆರಳು ಸದಾ ಮೇಲಕ್ಕೆದ್ದೇ ಇರುತ್ತಿತ್ತು. ಎಂಟರ್ ಕೀ ಒತ್ತಿ ಒತ್ತಿ ಅದಕ್ಕೆ ಆ ಚಾಳಿ ಹತ್ತಿತ್ತು. ಮುದ್ದೆ ಮುರಿಯುವಾಗಲೂ ಅದೊಂದು ಬೆರಳು ಊಟಕ್ಕೆ ಸೇರದೆ ಪಕ್ಕಕ್ಕೆ ನಿಂತಿರುತ್ತಿತ್ತು. ನಾವು ಹುಡುಗಿಯರು ಅದನ್ನು ಅಣಕಿಸಿ ನಗುತ್ತಿದ್ದೆವು.

ಯಶವಂತಪುರದಲ್ಲಿ ಬ್ಯಾಟರಿ ಅಂಗಡಿಯ ಮೇಲಿದ್ದ ನಮ್ಮ ಆಫೀಸಿನ ಕೆಲಸ ಏನೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಹಳೆಯ ಮದುವೆ, ಸಮಾಧಿ ದಾಖಲೆಗಳ ಫೋಟೋಗಳು ಬರುತ್ತಿದ್ದವು. ಆ ಕಾಗೆಕಾಲು ಗುಬ್ಬಿಕಾಲು ಅಕ್ಷರ ನೋಡಿ ನಾವು ಟೈಪ್ ಮಾಡಬೇಕು. ತಮ್ಮ ಮುತ್ತಜ್ಜಿಯರನ್ನು ಹುಡುಕುವವರಿಗೆ ಅದು ಬೇಕಂತೆ. ನನಗೆ ಕೆಲಸ ಕಲಿಸಿದವರು ಕೊಡಿಗೇಹಳ್ಳಿಯ ಈ ಮೇಡಂ. "ಗೊತ್ತಿರೋದನ್ನ ಹೊಡೀಬೇಡ, ಕಾಣೋದನ್ನ ಹೊಡಿ." ಅವರ ಪಾಠ ಅಷ್ಟೇ.

ಅವರ ಪಾಲಿಗೆ ಬಂದದ್ದು ನದಿ ದಡದ ಒಂದು ಹಳ್ಳಿಯ ದಾಖಲೆ. ಆ ಹಳ್ಳಿಯನ್ನು ಅವರು ಹೊಳೆಯೂರು ಎನ್ನುತ್ತಿದ್ದರು. ದೋಣಿಯವರು, ಗಿರಣಿಯವರು, ಬುಟ್ಟಿ ಹೆಣೆಯುವವರು. ಓದು ಬಾರದ ವಧು ಹೆಸರಿನ ಪಕ್ಕ ಎಳೆದ ಕತ್ತರಿ ಗುರುತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಅಲ್ಲಿ ಮದುವೆಗಳೇ ಇಲ್ಲವೆಂದು ಕಂಡುಕೊಂಡು, ಅವರಿಗೂ ಒಂದು ಆಷಾಢ ಇದೆ ನೋಡು ಎಂದು ಹಿಗ್ಗಿದ್ದರು. ಒಂದೊಂದು ಮದುವೆ ಮುಗಿಸಿ ಎಂಟರ್ ಒತ್ತಿದಾಗಲೂ "ಅಕ್ಷತೆ ಬಿತ್ತು" ಎನ್ನುವರು. ಆ ಮಾತು ಎಲ್ಲರಿಗೂ ಅಂಟಿಕೊಂಡು, ಆಫೀಸಿನಲ್ಲಿ ಎಂಟರ್ ಕೀಗೆ ಅಕ್ಷತೆ ಎಂದೇ ಹೆಸರಾಯಿತು.

ಆ ಊರಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಜೋಡಿಯ ಹೆಸರು ಕೂಗುತ್ತಿದ್ದರು, ಆಕ್ಷೇಪಣೆ ಇದ್ದವರು ಹೇಳಲಿ ಎಂದು. ಒಂದು ಮಧ್ಯಾಹ್ನ ಅಂಥ ಪುಟವೊಂದರಲ್ಲಿ ಮೂರನೆಯ ಭಾನುವಾರದ ಎದುರು ಪಾದ್ರಿ ಬರೆದಿದ್ದು ಸಿಕ್ಕಿತು: ಹುಡುಗಿಯ ತಾಯಿ ತಡೆದಳು. ಮೇಡಂ ಬೆರಳು ಗಾಳಿಯಲ್ಲೇ ನಿಂತಿತು. ಊಟದ ಡಬ್ಬಿ ತೆಗೆಯದೆ, ಅಕ್ಕಪಕ್ಕದ ಹಳ್ಳಿಗಳ ಫೈಲುಗಳಲ್ಲಿ ಆ ಜೋಡಿಯನ್ನು ಹುಡುಕತೊಡಗಿದರು. ಬೇರೆಲ್ಲಾದರೂ ಹೋಗಿ ಮದುವೆಯಾಗಿರಬಹುದಲ್ಲ. ಬಿಡಿ ಮೇಡಂ, ಯಾವ ಕಾಲದವರೋ, ಎಂದೆ. ಆಗ ಅವರು ತಮ್ಮ ಮಗಳ ವಿಷಯ ಹೇಳಿದರು.

ಮಗಳು ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾಗಲು ಅರ್ಜಿ ಕೊಟ್ಟಿದ್ದಳು. ಆಕ್ಷೇಪಣೆ ಇದ್ದವರು ತಿಳಿಸಲಿ ಎಂದು ರಿಜಿಸ್ಟ್ರಾರ್ ಆಫೀಸಿನ ಬೋರ್ಡಿಗೆ ಹಚ್ಚಿದ್ದ ನೋಟಿಸನ್ನು, ಸೈಟ್ ನೋಂದಣಿಗೆ ಹೋಗಿದ್ದ ನೆಂಟನೊಬ್ಬ ಫೋಟೋ ಹೊಡೆದು ಮನೆಗೆ ಕಳಿಸಿದ. ಗಂಡನಿಲ್ಲದ ಮನೆ, ಮೈದುನರದೇ ಕೂಗಾಟ. ಆಕ್ಷೇಪಣೆ ಬರೆಯುವಷ್ಟು ಇಂಗ್ಲಿಷ್ ಬರುತ್ತಿದ್ದದ್ದು ಇವರೊಬ್ಬರಿಗೇ.

"ಮಗಳ ತಲೆ ನೆಟ್ಟಗಿಲ್ಲ ಅಂತ ನಾನೇ ಬರ್ದೆ ಕಣಮ್ಮ. ಇದೇ ಕೈಲಿ. ಯಾರೂ ಕೈ ಹಿಡ್ಕೊಂಡು ಬರ್ಸಿಲ್ಲ. ಒಂದ್ ಸ್ಪೆಲಿಂಗೂ ತಪ್ಪಿರ್ಲಿಲ್ಲ."

ವಿಚಾರಣೆ ಎಳೆದಾಡುವಷ್ಟರಲ್ಲಿ ಹುಡುಗನ ಕಡೆಯವರು ಹೆದರಿ ಅವನಿಗೆ ಬೇರೆ ಮದುವೆ ಮಾಡಿಬಿಟ್ಟರು. ಮಗಳು ಹೆಸರಘಟ್ಟದ ಕಡೆ ಗಿಡಗಳ ನರ್ಸರಿಯೊಂದರಲ್ಲಿ ಕೆಲಸ ಹಿಡಿದು ಅಲ್ಲೇ ರೂಮು ಮಾಡಿಕೊಂಡಳು. ಅಮ್ಮನ ಫೋನ್ ಎತ್ತುವುದನ್ನೇ ಬಿಟ್ಟಳು. ಮೇಡಂ ಹಬ್ಬಕ್ಕೆ ಒಬ್ಬಟ್ಟು ಕಟ್ಟಿಕೊಂಡು ಹೋದರೆ ಗೇಟಿನಲ್ಲಿ ವಾಚ್‌ಮನ್ ಕೈಗೆ ಕೊಟ್ಟು ಬರಬೇಕಾಗಿತ್ತು.

ಹೊಳೆಯೂರಿನ ಆ ಹುಡುಗಿ ಕೊನೆಗೂ ಸಿಕ್ಕಿದಳು, ಅದೇ ಚರ್ಚಿನ ಸಮಾಧಿ ದಾಖಲೆಯಲ್ಲಿ. ಮುದುಕಿಯಾಗಿದ್ದಳು, ಹೆಸರು ಮಾತ್ರ ಅಪ್ಪನ ಮನೆಯದೇ, ಪಕ್ಕದಲ್ಲಿ ಮದುವೆಯಾಗದವಳು ಎಂಬ ಮಾತು. ಮೇಡಂ ಕಂಡದ್ದನ್ನು ಕಂಡಂತೆಯೇ ಟೈಪ್ ಮಾಡಿದರು. ಅವತ್ತಿನಿಂದ ಅವರ ಬಾಯಲ್ಲಿ ಅಕ್ಷತೆ ಎಂಬ ಮಾತು ಬರಲಿಲ್ಲ. ನಾವೂ ಬಿಟ್ಟೆವು.

ಈಗ ಆ ಅಕ್ಷರಗಳನ್ನು ಯಂತ್ರವೇ ಓದುತ್ತದಂತೆ. ಹೋದ ವರ್ಷ ಆಫೀಸು ಮುಚ್ಚಿತು, ಈ ವರ್ಷ ಮೇಡಂ ತೀರಿಹೋದರು. ಮಗಳಿಗೆ ಮಾಡಿದ್ದಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಆದರೆ ನನ್ನ ಅನ್ನದ ಕೆಲಸ ಕಲಿಸಿದ್ದು ಅವರೇ, ಸಿಟ್ಟಿನಿಂದ ಆ ಋಣ ತೀರುವುದಿಲ್ಲ.

ಕೊಡಿಗೇಹಳ್ಳಿಯ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಮಗಳು ಬಂದು, ಎಲ್ಲರೂ ಚಪ್ಪಲಿ ಬಿಟ್ಟ ಕಡೆ ನಿಂತಿದ್ದಳು. ಅಳುತ್ತಿರಲಿಲ್ಲ.

"ಮಗಳು ಬಂದವ್ಳೆ, ಬಾಯಿಗೆ ಅಕ್ಕಿ ಆಕ್ಲಿ, ಜಾಗ ಬಿಡಿ," ಎಂದರು ಹಿರಿಯರೊಬ್ಬರು.

ಅವಳು ತಟ್ಟೆಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡಳು. ಹೊದಿಸಿದ ಸೀರೆಯ ಮೇಲಿದ್ದ ಮೇಡಂ ಕೈಯ ಕಿರುಬೆರಳು ಇನ್ನೂ ಮೇಲಕ್ಕೆದ್ದೇ ಇತ್ತು. ಮಗಳು ಅದನ್ನೇ ನೋಡುತ್ತಾ ಅಮ್ಮನ ತುಟಿಯ ಮೇಲೆ ನಾಲ್ಕು ಕಾಳು ಬಿಟ್ಟಳು. ಮಿಕ್ಕದ್ದನ್ನು ಏನು ಮಾಡಬೇಕೆಂದು ತಿಳಿಯದೆ, ಮುಷ್ಟಿ ಬಿಚ್ಚದೆಯೇ ಗೇಟು ದಾಟಿ ಹೋದಳು.